ಇದರ ತಾಯಿ ಯಾವ್ದ್ರಿ?

ಮೊನ್ನೆ ವಿಜಯಪುರದ ಕಡೆ ಒಂದು ಮದುವೆ. ಅಕ್ಷತೆ ಬೀಳೋಕೆ ಹತ್ತು ನಿಮಿಷ ಇದೆ ಅನ್ನುವಾಗ ನಮ್ಮ ಭಾವ ನಾಪತ್ತೆ. ಹುಡುಗಿಯ ಸೋದರಮಾವ ಅವರು, ಇಲ್ಲದಿದ್ದರೆ ನಡೆಯಲ್ಲ. ಫೋನ್ ಎತ್ತುತ್ತಿಲ್ಲ. ಕೊನೆಗೆ ಕಲ್ಯಾಣ ಮಂಟಪದ ಹಿಂದೆ, ಜನರೇಟರ್ ಪಕ್ಕದಲ್ಲಿ ಸಿಕ್ಕರು. ಮದುಮಗನನ್ನು ಮೆರವಣಿಗೆಯಲ್ಲಿ ಹೊತ್ತು ತಂದ ಕುದುರೆಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ಕುದುರೆಯವನು ಜರಿ ಪೇಟ ಕಂಕುಳಲ್ಲಿ ಇಟ್ಟುಕೊಂಡು "ಇದರ ತಾಯಿ ಅಕಲೂಜದ್ದು ನೋಡ್ರಿ" ಅನ್ನುತ್ತಿದ್ದ. ಅಕಲೂಜ ಅಂದರೆ ಮಹಾರಾಷ್ಟ್ರದ ಕುದುರೆ ಸಂತೆಯ ಊರು. ಭಾವನ ಮುಖ ಅರಳಿಬಿಟ್ಟಿತು. ಆ ತಾಯಿಯ ತಾಯಿಯನ್ನು ಇವರು ನೋಡಿದ್ದರಂತೆ.

ಮದುಮಗನ ಹೆಸರು ಭಾವನಿಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಕುದುರೆಯವನ ಜೊತೆ ಮಾತ್ರ ದಿನಾ ಫೋನು.

ಈ ಕುದುರೆ ಸಾಕುವವರ ಸ್ನೇಹದ ಗುಟ್ಟೇನು ಅಂತ ನನಗೆ ಬಹಳ ದಿನದಿಂದ ಕುತೂಹಲ. ಅದನ್ನು ಹೇಳಬೇಕು ಅಂತಲೇ ಬರೆಯೋಕೆ ಕೂತಿದ್ದೇನೆ, ನೋಡೋಣ. ಭಾವನ ಫೋನಿನಲ್ಲಿ ಮನುಷ್ಯರ ಹೆಸರೇ ಇಲ್ಲ. 'ಪಂಚಕಲ್ಯಾಣಿ ಜಮಖಂಡಿ', 'ಮುಷ್ಕಿ ಮೀರಜ್', 'ಅಬ್ಲಕ್ ಅಥಣಿ'. ಮೊದಲು ಕುದುರೆಯ ಬಣ್ಣ, ಆಮೇಲೆ ಊರು. ಅದರಲ್ಲಿ ಒಬ್ಬರು ಬೆಲ್ಲದ ವ್ಯಾಪಾರಿ, ಒಬ್ಬರು ನಿವೃತ್ತ ಹವಾಲ್ದಾರ್, ಒಬ್ಬ ಪಂಕ್ಚರ್ ಅಂಗಡಿಯವನು. ಇವರು ಒಬ್ಬರನ್ನೊಬ್ಬರು ಯಾವ ಜಾತಿ, ಎಷ್ಟು ಎಕರೆ ಅಂತ ಕೇಳಿದ್ದು ನಾನು ಕಂಡಿಲ್ಲ. ನಮ್ಮ ಕಡೆ ಅದು ಸಣ್ಣ ಮಾತಲ್ಲ. ಆದರೆ ಕುದುರೆಯದ್ದು ಬಿಡಲ್ಲ. ತಾಯಿ ಯಾವುದು, ತಂದೆ ಯಾವುದು, ಅಜ್ಜಿ ಎಲ್ಲಿಯದು, ತಳಿ ಮಾರವಾಡಿಯಾ ಕಾಠಿಯಾವಾಡಿಯಾ, ಎರಡು ಕಿವಿಯ ತುದಿ ಒಳಬಾಗಿ ಕೂಡುತ್ತಾ ಇಲ್ವಾ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಒಮ್ಮೆ ನಾನು ಮಾತಿಗೆ ಕುಣಿಗಲ್ ಫಾರ್ಮಿನ ವಿಷಯ ತೆಗೆದೆ. ಟಿಪ್ಪುವಿನ ಕಾಲದ ಜಾಗ, ನಮ್ಮ ರಾಜ್ಯದ ಹೆಮ್ಮೆ ಅಂತೆಲ್ಲ ಅಂದೆ. ಯಾರಿಗೂ ರುಚಿಸಲಿಲ್ಲ. ಅಲ್ಲಿಯವು ರೇಸಿನ ಕುದುರೆ. ಅವಕ್ಕೆ ಪುಣೆಯಲ್ಲಿ ವಂಶದ ದಾಖಲೆ ಇಡ್ತಾರೆ, ಯಾವ ತಿಂಗಳು ಹುಟ್ಟಿದರೂ ಜನವರಿ 1ಕ್ಕೇ ವಯಸ್ಸು ಒಂದು ಹೆಚ್ಚುತ್ತೆ. ಇವರಿಗೆ ಅದೆಲ್ಲ ಸೂಟು ಹಾಕಿದವರ ಕುದುರೆ. ಹವಾಲ್ದಾರರು ಒಂದೇ ಮಾತಿನಲ್ಲಿ ಮುಗಿಸಿದರು: "ಅದರ ಕಿವಿ ನೋಡಿದ್ರೇನು? ಕತ್ತೆ ಕಿವಿ."

ಇರಲಿ. ಜಮಖಂಡಿ ಸಾಹುಕಾರರ ಕಥೆ ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಅವರಿಗೂ ಭಾವನಿಗೂ ಮಾತು ನಿಂತಿತ್ತು. ಕಾರಣ ಒಂದು ಸುಳಿ. ಗಂಟಲಿನಲ್ಲಿ ಸುಳಿ ಇದ್ದರೆ ಅದು ದೇವಮಣಿ, ಬಹಳ ಶುಭ. ಅದೊಂದಿದ್ದರೆ ಬೇರೆ ದೋಷಕ್ಕೆಲ್ಲ ಮಾಫಿ. ಕಣ್ಣಿನ ಕೆಳಗಿದ್ದರೆ ಮನೆಗೆ ಕಣ್ಣೀರು. ನಮ್ಮ ಭಾವ ಒಂದು ಜಾತ್ರೆಯಲ್ಲಿ, ನಾಲ್ಕು ಜನರ ಮುಂದೆ, ಸಾಹುಕಾರರ ಗಂಡು ಕುದುರೆಗೆ ಕಣ್ಣಿನ ಕೆಳಗೆ ಸುಳಿ ಇದೆ ಅಂದುಬಿಟ್ಟರು. ಆ ಕುದುರೆಗೆ ಹೆಣ್ಣು ಕುದುರೆ ಕಟ್ಟಿಸೋಕೆ ಬರುವವರು ಕಡಿಮೆಯಾದರು. ಸಾಹುಕಾರರು ಭಾವನ ಹೆಸರೆತ್ತುವುದನ್ನೇ ಬಿಟ್ಟರು.

ಆಮೇಲೆ ಭಾವನ ಹೆಣ್ಣು ಕುದುರೆ ಮರಿ ಹಾಕುವ ಹೊತ್ತು ಬಂತು. ಹನ್ನೊಂದು ತಿಂಗಳು ಹೊರುವ ಪ್ರಾಣಿ ಅದು. ಹಾಕುವುದು ಹೆಚ್ಚಾಗಿ ರಾತ್ರಿ, ಅದೂ ಕಾಯುತ್ತಾ ಕೂತವರು ಚಹಾಕ್ಕೆ ಎದ್ದು ಹೋದಾಗ. ನಾನು ಆಗ ರಜೆಗೆ ಅಕ್ಕನ ಮನೆಯಲ್ಲಿದ್ದೆ. ಮರಿ ಬಂತು, ಹೆಣ್ಣು ಮರಿ. ತಾಯಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಮರಿ ಆಗಲೇ ಎದ್ದು, ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹಾಕಿಕೊಂಡು, ಸತ್ತ ತಾಯಿಯ ಹೊಟ್ಟೆಯ ಹತ್ತಿರ ಮೂತಿ ತೂರಿಸುತ್ತಿತ್ತು. ಕುದುರೆ ಮರಿಗೆ ರೋಗ ತಡೆಯುವ ಶಕ್ತಿ ಸಿಗುವುದು ಮೊದಲ ಗಿಣ್ಣದ ಹಾಲಿನಿಂದಲೇ, ಅದೂ ಹುಟ್ಟಿದ ಕೆಲವೇ ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು. ಭಾವ ತಲೆ ಹಿಡಿದು ಕೂತಿದ್ದರು. ಕುದುರೆ ನೋಡಿಕೊಳ್ಳುವ ಆಳು, ಸೈಸ್, ಮಾತ್ರ ಚಂಬು ತಂದು, ಸತ್ತ ತಾಯಿಯ ಕೆಚ್ಚಲಿನಲ್ಲಿದ್ದಷ್ಟು ಹಿಂಡಿ, ಕೂಸಿನ ಬಾಟಲಿಗೆ ಹಾಕಿ ಕುಡಿಸಿದ. ಮರಿ ಬದುಕಿದ್ದು ಅದರಿಂದ ಅಂತ ಈಗ ಯಾರೂ ನೆನಪು ಮಾಡಿಕೊಳ್ಳಲ್ಲ.

ಆಮೇಲೆ ಶುರುವಾಯಿತು ಫೋನು. ನಡುರಾತ್ರಿ ಅಂತ ಯಾರೂ ಬೈಯಲಿಲ್ಲ. ಮೀರಜಿನವರು ಆಕಳ ಹಾಲಿಗೆ ನೀರು, ಸಕ್ಕರೆ ಬೆರೆಸಿ ಅಂದರು. ಅಥಣಿಯವರು ಆಡಿನ ಹಾಲೇ ಸರಿ ಅಂದರು. ಇಬ್ಬರೂ ಅದೇ ಹೊತ್ತಿನಲ್ಲಿ ತಮ್ಮತಮ್ಮಲ್ಲೇ ಜಗಳ ಬೇರೆ ಮಾಡಿಕೊಂಡರು. ಹಾಲಿರುವ ಹೆಣ್ಣು ಕುದುರೆ ಯಾರ ಹತ್ತಿರ ಇದೆ ಅನ್ನುವುದೇ ಎಲ್ಲರ ಪ್ರಶ್ನೆ. ಸಾಹುಕಾರರ ಕುದುರೆಗೆ ಹಿಂದಿನ ದಿನವಷ್ಟೇ ಸತ್ತ ಮರಿ ಹುಟ್ಟಿತ್ತು. ಭಾವ ಅವರಿಗೆ ಫೋನ್ ಮಾಡಲಿಲ್ಲ. ಯಾರು ಮಾಡಿದರೋ ಗೊತ್ತಿಲ್ಲ.

ಬೆಳಗಿನ ಜಾವ ಮನೆ ಮುಂದೆ ಟೆಂಪೋ ನಿಂತಿತು. ಹಿಂದೆ ಕುದುರೆ, ಮುಂದೆ ಸಾಹುಕಾರರು, ತಲೆಗೆ ಮಫ್ಲರ್. ಇಳಿದವರು ಭಾವನ ಕಡೆ ನೋಡಲೂ ಇಲ್ಲ. ಸೈಸ್ ಹತ್ತಿರ ಹೋಗಿ, "ಏ ತಮ್ಮಾ, ಅವ್ರಿಗೆ ಹೇಳು, ಮನ್ಯಾಗ ವಿಕ್ಸ್ ಇದ್ರ ಕೊಡ್ರಿ ಅಂತ" ಅಂದರು. ಭಾವ ಎರಡು ಮಾರು ದೂರದಲ್ಲೇ ಇದ್ದರು. "ಐತಿ ಅಂತ ಹೇಳು" ಅಂದರು.

ಕುದುರೆ ತನ್ನ ಮರಿಯನ್ನು ಗುರುತಿಸುವುದು ಹೆಚ್ಚಾಗಿ ವಾಸನೆಯಿಂದ. ಅದಕ್ಕೇ ಅದರ ಮೂಗಿನ ಹೊಳ್ಳೆಗೆ ವಿಕ್ಸ್ ಹಚ್ಚುವುದು, ಮರಿಗೂ ಸವರುವುದು. ಒಂದು ಡಬ್ಬಿ ಸಾಲಲಿಲ್ಲ, ಅಕ್ಕ ಅಕ್ಕಪಕ್ಕದ ಮನೆಯಿಂದೆಲ್ಲ ತಂದಳು. ಕುದುರೆ ಒದೆಯಿತು, ಕಚ್ಚೋಕೆ ಬಂತು, ಗೋಡೆಗೆ ಒರಗಿತು. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದುಕೊಂಡು ನಿಂತೇ ಇದ್ದರು. ಎಲ್ಲ ಮಾತೂ ಸೈಸ್ ಮೂಲಕವೇ. "ಕಾಲು ಹಿಡೀರಿ ಅಂತ ಹೇಳು." "ಹಿಡದೀನಿ ಅಂತ ಹೇಳು." ಪಾಪ, ಅವನು ಎರಡೂ ಕಡೆ ತಿರುಗಿ ತಿರುಗಿ ಹೇಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕುದುರೆ ಸುಮ್ಮನಾಯಿತು. ಮರಿ ಕುಡಿಯಿತು. ಸಾಹುಕಾರರು ರೊಟ್ಟಿ, ಶೇಂಗಾ ಚಟ್ನಿ ತಿಂದು, ಕೈ ತೊಳೆದು, ಮರಿಯ ಮುಖ ಹತ್ತಿರದಿಂದ ನೋಡಿದರು. ಆಮೇಲೆ ಭಾವನ ಕಡೆ ತಿರುಗಿ, ನೇರವಾಗಿ, ಮೊದಲ ಮಾತು ಆಡಿದರು:

"ಇದಕ್ಕೂ ಕಣ್ಣ ಕೆಳಗ ಸುಳಿ ಐತಲ್ರಿ."

ಭಾವ ಈಗಲೂ ಇಲ್ಲ ಅಂತಾರೆ. ನಾನು ನೋಡಿದ್ದೇನೆ. ಇದೆ.

ಈ ಸುಳಿ ಲೆಕ್ಕ ಕಂಡರೆ ನನಗೆ ಮೈ ಉರಿಯುತ್ತೆ. ಕೂದಲು ಎತ್ತ ತಿರುಗಿದೆ ಅಂತ ನೋಡಿ ಒಳ್ಳೆಯ ಮರಿಯನ್ನು ಅರ್ಧ ಬೆಲೆಗೆ ದಾಟಿಸ್ತಾರೆ. ಇನ್ನೊಂದು, ಮಂಚದ ಮೇಲೆ ಕುದುರೆ ಕುಣಿಸೋದು. ಬಾಯಲ್ಲಿ ಕಡಿವಾಣ ಜಗ್ಗಿ, ತಮಟೆ ಬಡಿದು, ಆ ಪ್ರಾಣಿ ಬೆವರುತ್ತಾ ಕಾಲು ಎತ್ತಿಡುತ್ತಿದ್ದರೆ ಸುತ್ತ ಇರುವವರೆಲ್ಲ ಮೊಬೈಲ್ ಹಿಡಿದು ಚಪ್ಪಾಳೆ. ಕುದುರೆ ಅಂದರೆ ಜೀವ ಅನ್ನುವ ನಮ್ಮ ಭಾವನ ಗೆಳೆಯರೂ ಅದರಲ್ಲಿ ಇರ್ತಾರೆ. ಕೇಳಿದರೆ "ಅದಕ್ಕೂ ಖುಷಿ ರೀ" ಅಂತಾರೆ. ಯಾರು ಕೇಳಿದ್ದು ಅದನ್ನ? ಮತ್ತೆ ಆ ಸೈಸ್. ಅರವತ್ತು ದಾಟಿದವನನ್ನೂ 'ಹುಡುಗ' ಅಂತಲೇ ಕರೀತಾರೆ. ಲದ್ದಿ ಎತ್ತುವವನು, ಹುರುಳಿ ನೆನೆಹಾಕುವವನು ಅವನು. ಇವರ ಗುಂಪಿನ ಫೋಟೋದಲ್ಲಿ ಕುದುರೆ ಇರುತ್ತೆ, ಕುದುರೆಯ ಹಗ್ಗ ಇರುತ್ತೆ, ಹಗ್ಗ ಹಿಡಿದವನ ಮೊಣಕೈ ಮಾತ್ರ ಇರುತ್ತೆ.

ಗುಟ್ಟಿನ ವಿಷಯ ಅಲ್ವಾ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಸಂಚಕಾರ, ಡಾಕ್ಟರು ದೂರ, ಹಾಗಾಗಿ ನಡುರಾತ್ರಿ ಎದ್ದು ಬರುವ ನಾಲ್ಕು ಜನ ಬೇಕೇ ಬೇಕು. ಇಷ್ಟೇ ಇರಬೇಕು ಅಂತ ಒಮ್ಮೆ ಭಾವನ ಮುಂದೆ ಹೇಳಿದೆ. "ಹಂಗಾದ್ರ ಆಕಳು ಸಾಕಿದವರೆಲ್ಲ ಯಾಕ ಹಿಂಗಿಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ 'ಪಂಚಕಲ್ಯಾಣಿ ಜಮಖಂಡಿ' ಫೋನು ಬಂತು, ಎದ್ದು ಹೋದರು.

ಡಿಸೆಂಬರಿನಲ್ಲಿ ದತ್ತ ಜಯಂತಿಗೆ ಇಬ್ಬರೂ ಕೂಡಿ ಸಾರಂಗಖೇಡಾಕ್ಕೆ ಹೊರಟಿದ್ದಾರೆ. ತಾಪಿ ನದಿ ದಂಡೆಯ ದೊಡ್ಡ ಕುದುರೆ ಸಂತೆ ಅದು. ಸುಮ್ನೆ ನೋಡಿಕೊಂಡು ಬರೋಕೆ ಅಂತೆ. ಹಾಗಾದರೆ ವಾಪಸ್ ಬರೋಕೆ ಲಾರಿ ಯಾಕೆ ಮಾತಾಡಿದ್ದಾರೆ ಅಂತ ಅಕ್ಕ ನನ್ನನ್ನು ಕೇಳ್ತಿದ್ದಾಳೆ.