ಡಬ್ಬಿ ಕೊಟ್ಟು ಎದ್ದು ಹೋಗಬೇಡಿ, ಜೊತೆಗೆ ಕೂತು ಕಟ್ಟಿ

ಹುಟ್ಟುಹಬ್ಬ ಬಂತೆಂದರೆ ಬೆಂಗಳೂರಿನ ಮನೆಗಳಿಗೆ ಬ್ಲಾಕ್ಸ್ ಡಬ್ಬಿ, ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ, ಬಂದೇ ಬರುತ್ತದೆ. ಲೆಗೊ ಇರಬಹುದು, ನಮ್ಮ ದೇಶದಲ್ಲೇ ತಯಾರಾದ ಬೇರೆ ಬ್ಲಾಕ್ಸ್ ಇರಬಹುದು. ಕೊಡಿಸುವವರಿಗೇನೂ ಕೊರತೆ ಇಲ್ಲ. ಆದರೆ ಡಬ್ಬಿ ತೆರೆದ ಮೇಲೆ ಮಗುವಿನ ಜೊತೆ ನೆಲದ ಮೇಲೆ ಕೂತು ತಾವೂ ಕಟ್ಟುವ ದೊಡ್ಡವರು ಎಷ್ಟು ಜನ? "ಹೋಗು, ಆಡ್ಕೋ" ಅಂತ ಕಳಿಸಿ ಫೋನ್ ಹಿಡಿಯುವವರೇ ಜಾಸ್ತಿ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಎಷ್ಟು ಒಳ್ಳೆಯ ಆಟವನ್ನು ಬಿಟ್ಟುಕೊಡುತ್ತಿದ್ದಾರೆ ಅನ್ನಿಸುತ್ತದೆ.

ಮಕ್ಕಳ ಜೊತೆ ಬೇರೆ ಆಟ ಆಡುವಾಗ ನಾವು ಸ್ವಲ್ಪ ನಟಿಸಬೇಕಾಗುತ್ತದೆ, ಅಲ್ವಾ? ಕ್ರಿಕೆಟ್‌ನಲ್ಲಿ ಚೆಂಡನ್ನು ಮೆಲ್ಲಗೆ ಹಾಕುತ್ತೇವೆ. ಚೆಸ್‌ನಲ್ಲಿ ಬೇಕಂತಲೇ ಕುದುರೆ ಬಿಟ್ಟುಕೊಡುತ್ತೇವೆ. ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಬ್ಲಾಕ್ಸ್ ಮುಂದೆ ಕೂತಾಗ ಇದ್ಯಾವುದೂ ಬೇಡ. ನಮ್ಮ ಮನೆಯಲ್ಲಿ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಐದು. ಅವಳು ಕಟ್ಟುವ ಹಸುವಿನ ಕೊಟ್ಟಿಗೆ ಅವಳದು, ನಾನು ಕಟ್ಟುವ ಬಾವಿಕಟ್ಟೆ ನನ್ನದು. ಯಾರೂ ಸೋಲುವುದಿಲ್ಲ, ಯಾರನ್ನೂ ಗೆಲ್ಲಿಸಬೇಕಾಗಿಲ್ಲ. ಒಂದೇ ರಾಶಿಯಲ್ಲಿ ಎಲ್ಲರೂ ಕೈಯಾಡಿಸುತ್ತೇವೆ. "ಕೆಂಪು ಉದ್ದದ್ದು ಸಿಕ್ಕಿದರೆ ಕೊಡೇ" ಅಂತ ನಾನು ಕೇಳಿದರೆ ಅವಳು ನಿಜವಾಗಿಯೂ ಹುಡುಕಿ ಕೊಡುತ್ತಾಳೆ. ಆ ಹೊತ್ತಿನಲ್ಲಿ ನಾವಿಬ್ಬರೂ ಕೆಲಸಗಾರರೇ.

ನನ್ನ ಮಾತು ಇಷ್ಟೇ. ದೊಡ್ಡವರು ಮೇಷ್ಟ್ರ ಹಾಗೆ ಪಕ್ಕದಲ್ಲಿ ಕೂರಬಾರದು. ತಮ್ಮದೇ ಒಂದು ಕಟ್ಟಡ ಹಿಡಿಯಬೇಕು. ಮಗುವಿನ ಗೋಡೆ ವಾಲುತ್ತಿದ್ದರೆ ಸುಮ್ನೆ ಇರಬೇಕು. ಬಿದ್ದರೆ ಬೀಳಲಿ, ಅದನ್ನು ಮತ್ತೆ ಎಬ್ಬಿಸುವುದು ಮಗುವಿನ ಹಕ್ಕು. "ಇದೇನು ಮಾಡಿದ್ದೀಯ?" ಅನ್ನುವ ಬದಲು "ಇದರೊಳಗೆ ಯಾರಿರ್ತಾರೆ?" ಅಂತ ಕೇಳಿ ನೋಡಿ. ಮೊದಲಿನದಕ್ಕೆ ಒಂದು ಪದದ ಉತ್ತರ ಬರುತ್ತದೆ. ಎರಡನೆಯದಕ್ಕೆ ಅರ್ಧ ಗಂಟೆಯ ಕತೆ ಬರುತ್ತದೆ.

ನಮ್ಮ ಮಾವ ಎಚ್‌ಎಂಟಿಯಲ್ಲಿದ್ದವರು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಮೆಷಿನ್ ಮುಂದೆ ನಿಂತವರಿಗೆ ಪ್ಲಾಸ್ಟಿಕ್ ಆಟಿಕೆ ಅಂದರೆ ಅಷ್ಟಕ್ಕಷ್ಟೆ. ಒಂದು ಸಂಜೆ ಮೊಮ್ಮಗ ಅಂಟಿಕೊಂಡ ಎರಡು ಇಟ್ಟಿಗೆ ತಂದು "ತಾತ, ಬಿಚ್ಚಿ ಕೊಡಿ" ಅಂದ. ಬಿಚ್ಚಿದರು. ಮತ್ತೆ ಜೋಡಿಸಿದರು. ಮತ್ತೆ ಬಿಚ್ಚಿದರು. ಆಮೇಲೆ ಒಳಗೆ ಹೋಗಿ ಮಿಲಿಮೀಟರ್‌ಗಿಂತ ಚಿಕ್ಕ ಅಳತೆಯನ್ನೂ ತೋರಿಸುವ ತಮ್ಮ ಹಳೆಯ ವರ್ನಿಯರ್ ಕ್ಯಾಲಿಪರ್ ತಂದರು! ಮೇಲಿನ ಉಬ್ಬು ಬಿಟ್ಟರೆ ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಚಪ್ಪಟೆ ತುಂಡಿನ ದಪ್ಪ 3.2. ಅಂದರೆ ಮೂರು ಚಪ್ಪಟೆ ತುಂಡು ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಒಂದು ಇಟ್ಟಿಗೆ. ಮಗ ಬರೆದುಕೊಳ್ಳುತ್ತಾ ಹೋದ. "ಇದರ ಡೈ (ಅಚ್ಚು) ಮಾಡಿದವನು ಸಾಮಾನ್ಯದವನಲ್ಲ ಕಣೋ" ಅಂದರು ಮಾವ. ಶಾಲೆಯಲ್ಲಿ ದಶಮಾಂಶ ಅಂದರೆ ಮುಖ ಗಂಟಿಕ್ಕುವ ಹುಡುಗ, ಅವತ್ತು 3.2 ಅನ್ನು ಮೂರರಿಂದ ಗುಣಿಸಿ ತಾತನಿಗೆ ತೋರಿಸಿದ.

ಮಾವ ಮೆಚ್ಚಿಕೊಂಡಿದ್ದಕ್ಕೆ ಕಾರಣ ಇದೆ. ಡೆನ್ಮಾರ್ಕ್‌ನ ಬಿಲುಂಡ್ ಅನ್ನುವ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದರು. ಅದೇ ಮುಂದೆ ಲೆಗೊ ಕಂಪನಿಯಾಯಿತು. ಪ್ಲಾಸ್ಟಿಕ್ ಇಟ್ಟಿಗೆಗೆ ಕೈ ಹಾಕಿದ್ದು 1949ರಲ್ಲಿ. ಅದಕ್ಕೂ ಮೊದಲೇ ಬ್ರಿಟನ್ನಿನಲ್ಲಿ ಹಿಲರಿ ಪೇಜ್ ಅಂಥದ್ದೇ ಇಟ್ಟಿಗೆ ಮಾಡಿದ್ದರು, ಡೆನ್ಮಾರ್ಕ್‌ನವರಿಗೆ ಮಾದರಿ ಅದೇ. ಮೊದಮೊದಲ ಇಟ್ಟಿಗೆಗಳ ಒಳಗೆ ಬರೀ ಟೊಳ್ಳು. ಹಿಡಿತ ಕಡಿಮೆ, ಕಟ್ಟಿದ್ದು ಸುಲಭವಾಗಿ ಕಳಚಿಕೊಳ್ಳುತ್ತಿತ್ತು. ಓಲೆ ಕಿರ್ಕ್ ಅವರ ಮಗ ಗೋಡ್‌ಫ್ರೆಡ್ ಕಾಲದಲ್ಲಿ ಒಳಗೆ ಕೊಳವೆ ಇಡುವ ಉಪಾಯ ಬಂತು. 1958ರ ಜನವರಿ 28ರಂದು ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಕೆಳಗಿನ ಇಟ್ಟಿಗೆಯ ಉಬ್ಬು, ಮೇಲಿನ ಇಟ್ಟಿಗೆಯ ಗೋಡೆ ಮತ್ತು ಕೊಳವೆಯ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಒಂದಿಷ್ಟೇ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಐದು ವರ್ಷದ ಮಗು ಬಿಚ್ಚಬಲ್ಲಷ್ಟು ಸಡಿಲ, ಎತ್ತಿದರೆ ಬೀಳದಷ್ಟು ಬಿಗಿ. 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಮೇಲೆ ಈಗಲೂ ಕೂರುತ್ತದೆ. ನಮ್ಮ ಅಕ್ಕನ ಮಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಚಿಕ್ಕವನಿದ್ದಾಗಿನ ಒಂದು ಚೀಲ ಇಟ್ಟಿಗೆ ನಮ್ಮ ಮನೆಗೆ ಬಂತು. ಹೊಸದರ ಜೊತೆ ಬೆರೆತ ಮೇಲೆ ಯಾವುದು ಯಾರದು ಅಂತ ಹೇಳಲಾಗುವುದಿಲ್ಲ.

ಇನ್ನೊಂದು ಲೆಕ್ಕ ಹೇಳಲೇಬೇಕು. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆ ತೆಗೆದುಕೊಳ್ಳಿ. ಅವನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ಹಚ್ಚಿ ಎಣಿಸಿದರು. ಬಂದ ಉತ್ತರ 91,51,03,765. ಆರೇ ಇಟ್ಟಿಗೆಗೆ ತೊಂಬತ್ತೊಂದು ಕೋಟಿಗಿಂತ ಜಾಸ್ತಿ! ಹಾಗಾಗಿ "ನಮ್ಮ ಹತ್ತಿರ ದೊಡ್ಡ ಸೆಟ್ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದು ಹಿಡಿ ಸಾಕು.

ಅತ್ತೆಯವರ ವಿಷಯ ಬೇರೆ. ಅವರಿಗೆ ಮನಸ್ಸಿಗೆ ಬಂದ ಹಾಗೆ ಕಟ್ಟುವುದಕ್ಕಿಂತ ಪುಸ್ತಕ ನೋಡಿ ಕಟ್ಟುವುದೇ ಇಷ್ಟ. ಈ ಸೆಟ್‌ಗಳ ಜೊತೆ ಬರುವ ಪುಸ್ತಕದಲ್ಲಿ ಜೋಡಿಸುವ ಹಂತಗಳೆಲ್ಲ ಬರೀ ಚಿತ್ರ, ಮಾತಿಲ್ಲ. ಇಂಗ್ಲಿಷ್ ಬೇಕಿಲ್ಲ, ಕನ್ನಡವೂ ಬೇಕಿಲ್ಲ. ರಂಗೋಲಿಯ ಚುಕ್ಕಿ ಎಣಿಸಿ ಅಭ್ಯಾಸವಿರುವ ಕಣ್ಣು ಉಬ್ಬುಗಳನ್ನು ಎಷ್ಟು ಬೇಗ ಎಣಿಸುತ್ತದೆ ಗೊತ್ತಾ? "ಎರಡು ಚುಕ್ಕಿ ಬಿಟ್ಟು ಇಡು ಪುಟ್ಟಿ" ಅನ್ನುತ್ತಾರೆ. ಇನ್ನೂ ಓದಲು ಬಾರದ ಮೊಮ್ಮಗಳು ಮತ್ತು ಇಂಗ್ಲಿಷ್ ಓದದ ಅಜ್ಜಿ ಒಂದೇ ಪುಟದ ಮೇಲೆ ಬಗ್ಗಿ ಕೂತಿರುತ್ತಾರೆ. ಪುಸ್ತಕ ನೋಡಿ ಕಟ್ಟಿದರೆ ಕಲ್ಪನೆ ಸಾಯುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೆಯವರು ಯೋಚಿಸಿದ ದಾರಿಯಲ್ಲಿ ಒಮ್ಮೆ ನಡೆದು ನೋಡಿದರೆ ಹೊಸ ಜೋಡಣೆಗಳು ಕೈಗೆ ಬರುತ್ತವೆ. ಆದರೆ ಕಟ್ಟಿದ್ದನ್ನು ಶೋಕೇಸ್‌ನಲ್ಲಿಟ್ಟು ಗಾಜು ಮುಚ್ಚುವುದು ಮಾತ್ರ ನನಗೆ ಸೇರುವುದಿಲ್ಲ. ನಾಲ್ಕು ದಿನ ಇರಲಿ, ಬಂದವರು ನೋಡಲಿ, ಆಮೇಲೆ ಬಿಚ್ಚಿ ರಾಶಿಗೆ ಸೇರಿಸಿ.

ನಮ್ಮ ಮನೆಯಲ್ಲಿ ಈ ಆಟ ನಿಜವಾಗಿ ಎಲ್ಲರದೂ ಆಗುವುದು ನವರಾತ್ರಿಯಲ್ಲಿ. ಗೊಂಬೆ ಕೂರಿಸುವ ಮನೆ ನಮ್ಮದು. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಚನ್ನಪಟ್ಟಣದ ಗೊಂಬೆ, ಚೆಟ್ಟಿ ದಂಪತಿ ಎಲ್ಲ ಅತ್ತೆಯವರ ಜವಾಬ್ದಾರಿ. ಮೆಟ್ಟಿಲ ಮುಂದಿನ ಪಾರ್ಕು ಮಾತ್ರ ಮಕ್ಕಳದು. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಹಾಸು ಮಾಡುವುದು, ಕನ್ನಡಿ ಇಟ್ಟು ಕೊಳ ಮಾಡುವುದು ನಾವೆಲ್ಲ ಚಿಕ್ಕಂದಿನಲ್ಲಿ ಮಾಡಿದ್ದೇ. ಈಗ ಅದಕ್ಕೆ ಬ್ಲಾಕ್ಸ್ ಸೇರಿದೆ. ಕಳೆದ ಸಲ ಬೆಂಗಳೂರನ್ನೇ ಕಟ್ಟೋಣ ಅಂತ ತೀರ್ಮಾನವಾಯಿತು.

ವಿಧಾನಸೌಧ ಮಗನ ಪಾಲಿಗೆ ಬಂತು. ಫೋಟೋ ನೋಡಿ ಕಟ್ಟಲು ಅವನು ಒಪ್ಪಲಿಲ್ಲ. ಭಾನುವಾರ ನೇರಳೆ ಮಾರ್ಗದ ಮೆಟ್ರೋ ಹತ್ತಿ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿದು, ಎದುರಿನ ಫುಟ್‌ಪಾತ್ ಮೇಲೆ ನಿಂತು ಕಂಬ ಎಣಿಸಿದೆವು. ಮುಂಭಾಗದಲ್ಲಿ 12 ಕಲ್ಲಿನ ಕಂಬ, ಒಂದೊಂದೂ 40 ಅಡಿ. ಹತ್ತಿ ಹೋಗಲು 45 ಮೆಟ್ಟಿಲು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು, ಕೆಲಸ ಮುಗಿದಿದ್ದು 1956ರಲ್ಲಿ ಅಂತ ಮಾವ ಅಲ್ಲೇ ನಿಂತು ಪಾಠ ಮಾಡಿದರು. ಮನೆಗೆ ಬಂದ ಮೇಲೆ ಶುರುವಾಯಿತು ಚರ್ಚೆ. 45 ಮೆಟ್ಟಿಲನ್ನೂ ಚಪ್ಪಟೆ ತುಂಡಿನಲ್ಲಿ ಇಟ್ಟರೆ ಮೆಟ್ಟಿಲೇ 14 ಸೆಂಟಿಮೀಟರ್‌ಗಿಂತ ಎತ್ತರ ಹೋಗುತ್ತದೆ, ಕಟ್ಟಡಕ್ಕೆ ಇಟ್ಟಿಗೆ ಸಾಲುವುದಿಲ್ಲ. ಹಾಗಾದರೆ ಯಾವುದನ್ನು ಬಿಡುವುದು, ಯಾವುದನ್ನು ಉಳಿಸುವುದು? ಮೆಟ್ಟಿಲು ಕಡಿಮೆ ಮಾಡಿದರೂ ಜನ ಗುರುತು ಹಿಡಿಯುತ್ತಾರೆ, ಕಂಬ ಕಡಿಮೆ ಮಾಡಿದರೆ ಹಿಡಿಯುವುದಿಲ್ಲ ಅಂತ ಮಗ ವಾದಿಸಿದ. ಸರಿಯಾದ ಮಾತು. ಕಂಬ 12 ಉಳಿಯಿತು, ಮೆಟ್ಟಿಲು ಐದಕ್ಕೆ ಇಳಿಯಿತು.

ಮಗಳಿಗೆ ಲಾಲ್‌ಬಾಗ್ ಬಂಡೆ, ಅದರ ಮೇಲಿನ ಕೆಂಪೇಗೌಡ ಗೋಪುರ. ಬಂಡೆಗೆ ಅವಳ ಹಳೆಯ ಡುಪ್ಲೊ ಉಪಯೋಗಕ್ಕೆ ಬಂತು. ಚಿಕ್ಕ ಮಕ್ಕಳಿಗಾಗಿ 1969ರಲ್ಲಿ ಬಂದ ಈ ದೊಡ್ಡ ಇಟ್ಟಿಗೆ ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಎರಡರಷ್ಟು. ಅದರ ಮೇಲೆ ಮಾಮೂಲಿ ಇಟ್ಟಿಗೆ ಕೂರುವ ಹಾಗೆ ಮಾಡಿದ್ದಾರೆ. ಒಳಗೆ ಡುಪ್ಲೊ ತುಂಬಿ ಮೇಲೆ ಸಣ್ಣ ಬೂದು ಇಟ್ಟಿಗೆ ಹೊದಿಸಿದರೆ ಬಂಡೆ ಬೇಗ ಏಳುತ್ತದೆ. ನಮ್ಮನೆಯವರು ಮೆಟ್ರೋ ಹಳಿ ಹಿಡಿದರು. ತಿರುವಿನಲ್ಲಿ ಹಳಿ ಮತ್ತೆ ಮತ್ತೆ ಕುಸಿಯುತ್ತಿತ್ತು. "ಅಪ್ಪಾ, ಅಲ್ಲಿ ಕಂಬ ಹತ್ತಿರ ಹತ್ತಿರ ಇಡು" ಅಂದವಳು ಮಗಳು. ಇಟ್ಟರು, ನಿಂತಿತು.

ಗೊಂಬೆ ನೋಡಲು ಬಂದ ಅಕ್ಕಪಕ್ಕದ ಮಕ್ಕಳು ಕೊಬ್ಬರಿ ಮಿಠಾಯಿ ಕೈಯಲ್ಲಿ ಹಿಡಿದೇ ಪಾರ್ಕಿನ ಮುಂದೆ ಕೂತುಬಿಟ್ಟರು. ಒಬ್ಬ ಹುಡುಗ ಬಸ್ಸು ಸೇರಿಸಿದ. ಇನ್ನೊಬ್ಬಳು ಹೂವಿನ ಅಂಗಡಿ ಇಟ್ಟಳು. ವಿಜಯದಶಮಿಯ ಹೊತ್ತಿಗೆ ಊರು ಮೆಟ್ಟಿಲ ಆಚೆಗೂ ಬೆಳೆದಿತ್ತು.

ಈ ಆಟ ಮನೆಯೊಳಗೇ ಮುಗಿಯುವುದಿಲ್ಲ ಅನ್ನುವುದೂ ನನಗೆ ಇಷ್ಟ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ನಡೆಯದ ರಸ್ತೆ ಇದೆಯಾ? ನಮ್ಮ ಬೀದಿಯ ತುದಿಯಲ್ಲಿ ಗೋಡೆ ಏಳುತ್ತಿತ್ತು. ಮೇಲಿನ ಸಾಲಿನ ಇಟ್ಟಿಗೆ ಯಾವಾಗಲೂ ಕೆಳಗಿನ ಎರಡು ಇಟ್ಟಿಗೆಗಳ ಸಂದಿಯ ಮೇಲೆ ಕೂರುತ್ತದೆ ಅನ್ನುವುದನ್ನು ಮಗಳೇ ಕಂಡುಹಿಡಿದಳು. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಗೋಡೆ ನೇರ ಇದೆಯಾ ಅಂತ ಮೇಸ್ತ್ರಿ ನೋಡುತ್ತಿದ್ದರು. ಅವಳು ಕೇಳಿದ್ದಕ್ಕೆ ಗುಂಡನ್ನು ಅವಳ ಕೈಗೂ ಕೊಟ್ಟರು. ಅಂದಿನಿಂದ ನಮ್ಮ ಮನೆಯ ಗೋಡೆಗಳ ಸಂದಿ ಒಂದರ ಮೇಲೊಂದು ಬರುವುದಿಲ್ಲ, ಅವು ಬೀಳುವುದೂ ಕಡಿಮೆ.

ಹೆಣ್ಣುಮಕ್ಕಳಿಗೆ ಅಡುಗೆ ಸೆಟ್ಟು, ಗಂಡುಮಕ್ಕಳಿಗೆ ಬ್ಲಾಕ್ಸ್ ಅನ್ನುವ ಪದ್ಧತಿ ಇನ್ನೂ ಹೋಗಿಲ್ಲ. ಕಟ್ಟುವ ಆಸೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಅಂತ ಲೆಗೊ ಕಂಪನಿ 1974ರಲ್ಲೇ ಡಬ್ಬಿಯೊಳಗೆ ಪೋಷಕರಿಗೆ ಚೀಟಿ ಬರೆದಿಟ್ಟಿತ್ತು. ಐವತ್ತು ವರ್ಷ ಆಯಿತು. ದಯವಿಟ್ಟು ಹೆಣ್ಣುಮಗುವಿಗೂ ಕೊಡಿಸಿ.

ಬೆಲೆಯ ಮಾತು ಬರುತ್ತದೆ, ಬರಲೇಬೇಕು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ಬರುವ ಡಬ್ಬಿ ದುಬಾರಿ. ಆದರೆ ಮೂಲ ಇಟ್ಟಿಗೆಯ ಪೇಟೆಂಟ್ ಅವಧಿ ಎಂದೋ ಮುಗಿದಿದೆ, ಅದಕ್ಕೆ ಹೊಂದುವ ಇಟ್ಟಿಗೆಯನ್ನು ಬೇರೆಯವರೂ ಮಾಡುತ್ತಾರೆ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ತುಂಬಾ ಅಗ್ಗದ್ದರಲ್ಲಿ ಕೆಲವು ಬಿಗಿಯಾಗಿ ಬಿಚ್ಚಲು ಬರುವುದಿಲ್ಲ, ಕೆಲವು ನಿಲ್ಲುವುದೇ ಇಲ್ಲ. ಅಂಥದ್ದು ಮಗುವಿನ ಉತ್ಸಾಹವನ್ನೇ ಕೊಲ್ಲುತ್ತದೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಇಟ್ಟಿಗೆ ಬೇಡವೇ ಬೇಡ, ಬಾಯಿಗೆ ಹೋಗುತ್ತದೆ. ಆ ವಯಸ್ಸಿಗೆ ಚನ್ನಪಟ್ಟಣದವರು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆಟಿಕೆಗಳಿವೆ. ಅದರಲ್ಲೂ ಬಾಯಲ್ಲಿ ಹಿಡಿಸದಷ್ಟು ದೊಡ್ಡದನ್ನೇ ಆರಿಸಿ.

ಸಮಯ ಎಲ್ಲಿದೆ ಅಂತ ಕೇಳುತ್ತೀರಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಎಂಟು ಗಂಟೆ, ಗೊತ್ತು. ನಾವು ಒಂದು ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ರಾಶಿ ಸುರಿಯುತ್ತೇವೆ. ಊಟಕ್ಕೆ ಕರೆ ಬಂದರೆ ನಾಲ್ಕು ಮೂಲೆ ಎತ್ತಿ ಗಂಟು ಕಟ್ಟಿದರಾಯಿತು. ಕುಕ್ಕರ್ ಕೂಗುವವರೆಗಿನ ಹೊತ್ತಿನಲ್ಲೂ ಒಂದು ಸಣ್ಣ ಮಂಟಪ ಎದ್ದು ನಿಲ್ಲುತ್ತದೆ. ಕೊಳೆಯಾದರೆ ಬಟ್ಟೆ ಒಗೆಯುವ ಜಾಲರಿ ಚೀಲಕ್ಕೆ ಹಾಕಿ ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ, ಬಿಸಿಲಿಗೂ ಇಡಬೇಡಿ. ಅಂಟಿಕೊಂಡ ಇಟ್ಟಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಲು ಮಕ್ಕಳನ್ನು ಬಿಡಬೇಡಿ. ಎಷ್ಟೋ ಡಬ್ಬಿಗಳ ಜೊತೆ ಅದಕ್ಕೆಂದೇ ಒಂದು ಸಣ್ಣ ಸಲಕರಣೆ ಬರುತ್ತದೆ.

ಮಕ್ಕಳು ದೊಡ್ಡವರಾದ ಮೇಲೆ ಡಬ್ಬಿ ಅಟ್ಟ ಸೇರುವುದು ಬೇಡ. ಪಕ್ಕದ ಬೀದಿಯ ಮಗುವಿಗೆ ಕೊಡಿ, ದೊಡ್ಡ ಇಟ್ಟಿಗೆಯಾದರೆ ಹತ್ತಿರದ ಅಂಗನವಾಡಿಯಲ್ಲಿ ಕೇಳಿ ನೋಡಿ. ಅಂದಹಾಗೆ, ನೀಲಿ ಚಪ್ಪಟೆ ತುಂಡು ಯಾರ ಹತ್ತಿರವಾದರೂ ಜಾಸ್ತಿ ಇದ್ದರೆ ನನಗೆ ಹೇಳಿ. ಈ ದಸರಾಕ್ಕೆ ಕೆಂಪಾಂಬುಧಿ ಕೆರೆ ಕಟ್ಟುವುದು ಅಂತ ಆಗಿದೆ, ನಮ್ಮಲ್ಲಿರುವ ನೀಲಿ ಅರ್ಧ ಕೆರೆಗೂ ಸಾಲುವುದಿಲ್ಲ.