ಕಾಲಿನ ಅರ್ಜಿ

ಮಂಡ್ಯ ಕಡೆ ಬೀಗರೂಟಕ್ಕೆ ತಡವಾಗಿ ಹೋಗುವುದು ಮದುವೆಗೇ ಹೋಗದಿರುವುದಕ್ಕಿಂತ ದೊಡ್ಡ ತಪ್ಪು. ಮುಹೂರ್ತ ತಪ್ಪಿದರೆ ಅಕ್ಷತೆ ಆಮೇಲೂ ಹಾಕಬಹುದು, ಬೋಟಿ ಗೊಜ್ಜು ಯಾರಿಗೂ ಕಾಯುವುದಿಲ್ಲ. ಇದು ನಮ್ಮ ಮಾವನವರ ಮಾತು. ಅದಕ್ಕೇ ಆ ಭಾನುವಾರ ಬೆಳಗ್ಗೆ ತಿಂಡಿಯನ್ನೂ ತಿನ್ನದೆ, ಹೊಟ್ಟೆ ಖಾಲಿ ಇಟ್ಟುಕೊಂಡು, ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಿಂದ ಕಾರು ಹತ್ತಿದ್ದರು.

ಗಣಂಗೂರು ಟೋಲ್ ದಾಟಿ ಸ್ವಲ್ಪ ದೂರ ಹೋಗಿದ್ದೆವು. ದುಡ್ಡು ಕಟ್ಟಿದ ಮೇಲೇ ಕೈಕೊಡಬೇಕು ಅಂತ ಕಾರಿಗೂ ಗೊತ್ತಿರುತ್ತದೆ, ಅಲ್ವಾ? ಆಕ್ಸಿಲರೇಟರ್ ಒತ್ತುತ್ತೇನೆ, ಎಂಜಿನ್ ಕೇಳುತ್ತಿಲ್ಲ. ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಬಂತು. ನೂರರಲ್ಲಿದ್ದ ಗಾಡಿ ಇಳಿಯುತ್ತಾ ಇಳಿಯುತ್ತಾ ಇಪ್ಪತ್ತೈದಕ್ಕೆ ಬಂದು ನಿಂತಿತು. ಪೆಡಲನ್ನು ನೆಲಕ್ಕೆ ತಾಗಿಸಿದರೂ ಅಷ್ಟೇ, ಕಾಲು ಎತ್ತಿದರೂ ಅಷ್ಟೇ.

ನಿಧಾನ ಹೋಗುತ್ತವೆ ಅಂತ 2023ರ ಆಗಸ್ಟಿನಲ್ಲಿ ಈ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಿಂದ ಆಟೋ, ಬೈಕು, ಟ್ರ್ಯಾಕ್ಟರುಗಳನ್ನು ಹೊರಗೆ ಹಾಕಿದ್ದಾರೆ. ಈಗ ಅವಕ್ಕಿಂತ ನಿಧಾನವಾಗಿ ನಾನಿದ್ದೇನೆ. ಮಿಣಮಿಣ ದೀಪ ಹಾಕಿಕೊಂಡು ಹೇಗೋ ಸರ್ವಿಸ್ ರಸ್ತೆಗೆ ಇಳಿದೆ. ಅಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರ್ ಬಗ್ಗಿ ನನ್ನ ಮುಖ ನೋಡಿದ. ಬೈದಿದ್ದರೂ ಪರವಾಗಿರಲಿಲ್ಲ, ಅವನು ಅಯ್ಯೋ ಪಾಪ ಅಂದುಕೊಂಡ ಹಾಗಿತ್ತು.

"ಎಕ್ಸಿಲೇಟರ್ ವೈರ್ ಕಿತ್ತೋಗದೆ ಅಳಿಯಂದ್ರೆ," ಅಂದರು ಮಾವ.

ಮಾವ ಮೂವತ್ತು ವರ್ಷ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಬನ್ನೂರಿನ ಹತ್ತಿರ ಒಮ್ಮೆ ವೈರ್ ತುಂಡಾದಾಗ, ಉಡಿದಾರ ಬಿಚ್ಚಿ ಕಾರ್ಬುರೇಟರಿಗೆ ಕಟ್ಟಿ, ಕೈಯಲ್ಲಿ ಎಳೆದುಕೊಂಡೇ ಊರು ಸೇರಿದ್ದರಂತೆ. ಈ ಕಥೆಯನ್ನು ನಾನು ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ. ಈಗಲೂ ಅವರ ಕೈ ಸೊಂಟದ ಕಡೆ ಹೋಯಿತು. "ಮಾವ, ಇದರಲ್ಲಿ ವೈರೇ ಇಲ್ಲ," ಅಂದೆ. "ವೈರಿಲ್ದೆ ಗಾಡಿ ಹೆಂಗೋಯ್ತದೆ?" ಅಂದರು. ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ.

ತೂಬಿನಕೆರೆ ಹತ್ತಿರ ಒಂದು ಗ್ಯಾರೇಜು ಸಿಕ್ಕಿತು. ಭಾನುವಾರವಾದರೂ ಬಾಗಿಲು ತೆರೆದಿತ್ತು. ಮೆಕ್ಯಾನಿಕ್ಕು ಇಪ್ಪತ್ತೆರಡರ ಹುಡುಗ. ಬಾನೆಟ್ ಮುಟ್ಟಲಿಲ್ಲ. ಸ್ಟಿಯರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಕ್ಕಿಸಿ ಮೊಬೈಲ್ ನೋಡುತ್ತಾ ಕೂತ. "ಇವನೇನು ರೀಲ್ಸ್ ನೋಡ್ತಾವ್ನಾ?" ಅಂತ ಮಾವ ನನ್ನ ಕಿವಿಯಲ್ಲಿ ಕೇಳಿದರು.

"ಪಿ 2112 ಸಾರ್," ಅಂದ ಹುಡುಗ. ಅದು ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್. ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಮುಚ್ಚಿದ ಕಡೆ ಸಿಕ್ಕಿಹಾಕಿಕೊಂಡಿದೆ ಅಂತ ಅದರ ಅರ್ಥವಂತೆ. ತೆರೆದ ಕಡೆ ಸಿಕ್ಕಿಕೊಂಡರೆ 2111. ಹಾಗಾಗದೆ ಇದ್ದದ್ದೇ ಪುಣ್ಯ. ಆದರೆ ಕೋಡ್ ಬಂದ ಕೂಡಲೇ ಹೊಸ ಥ್ರಾಟಲ್ ಹಾಕಿ ಅಂತ ಅವನು ಹೇಳಲಿಲ್ಲ. ಅಲ್ಲಿಗೇ ನನಗೆ ಅವನ ಮೇಲೆ ಗೌರವ ಬಂತು. ಕೀ ಆನ್ ಮಾಡಿಸಿ, "ನಿಧಾನಕ್ಕೆ ಪೆಡಲ್ ಒತ್ತಿ ಸಾರ್," ಅಂದ. ಮೊಬೈಲಿನಲ್ಲಿ ಪೆಡಲಿನ ಅಂಕಿ ಏರುತ್ತಿತ್ತು. ಥ್ರಾಟಲಿನದು ಕೂತಲ್ಲೇ ಕೂತಿತ್ತು. "ಪೆಡಲ್ ಚೆನ್ನಾಗೈತೆ. ನೀವು ಕೇಳ್ತಾ ಇದೀರ, ಅದು ಕೊಡ್ತಾ ಇಲ್ಲ."

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆ ಮಾತು ಕೇಳಿದ್ದೇ ತಡ, ನನಗೆ ಇಡೀ ಎಂಜಿನ್ ಅರ್ಥವಾಗಿಬಿಟ್ಟಿತು. ಈ ಕಾಲದ ಕಾರಿನಲ್ಲಿ ನಾವು ಆಕ್ಸಿಲರೇಟರ್ ಒತ್ತುವುದಿಲ್ಲ, ಅರ್ಜಿ ಹಾಕುತ್ತೇವೆ. ಪೆಡಲಿನಲ್ಲಿ ಎರಡು ಸೆನ್ಸರ್ ಇರುತ್ತವೆ. ಎರಡೂ ಒಂದೇ ಮಾತು ಹೇಳಬೇಕು, ಎರಡು ಸಹಿ ತಾಳೆಯಾದ ಹಾಗೆ. ಆಮೇಲೆ ಫೈಲು ಕಂಪ್ಯೂಟರಿಗೆ ಹೋಗುತ್ತದೆ. ಅದು ಮಂಜೂರು ಮಾಡಿದರೆ ಒಂದು ಪುಟ್ಟ ಮೋಟಾರು ಗಾಳಿಯ ದಾರಿಯಲ್ಲಿರುವ ತಟ್ಟೆಯನ್ನು ತಿರುಗಿಸುತ್ತದೆ. ಎಷ್ಟು ತಿರುಗಿತು ಅಂತ ವರದಿ ಕೊಡಲು ಅಲ್ಲೂ ಇಬ್ಬರು. ಆದೇಶಕ್ಕೂ ವರದಿಗೂ ತಾಳೆಯಾಗದಿದ್ದರೆ ಕಂಪ್ಯೂಟರ್ ಮೋಟಾರಿನ ಕರೆಂಟೇ ತೆಗೆಯುತ್ತದೆ. ಆಗ ಸ್ಪ್ರಿಂಗ್ ಆ ತಟ್ಟೆಯನ್ನು ಒಂಚೂರು ತೆರೆದು ನಿಲ್ಲಿಸುತ್ತದೆ, ಕುಂಟುತ್ತಾ ಮನೆ ಸೇರಲಿ ಅಂತ. ನಮ್ಮ ಇಪ್ಪತ್ತೈದರ ಓಟ ಅದೇ. ನಮ್ಮ ಕಚೇರಿಯಲ್ಲಿ ಇಷ್ಟು ದಯೆಯೂ ಇಲ್ಲ.

ಹುಡುಗ ಕನೆಕ್ಟರ್ ಬಿಚ್ಚಿ ನೋಡಿದ, ಪಿನ್ನುಗಳು ಸರಿಯಿದ್ದವು. ಗಾಳಿ ಪೈಪು ಕಳಚಿದ. ಒಳಗೆ ತಟ್ಟೆ ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತಿತ್ತು. ಎಂಜಿನ್ನಿನ ಎಣ್ಣೆ ಆವಿ ಗಾಳಿಯ ಜೊತೆ ಬಂದು ಅಂಟಿ ಅಂಟಿ, ಅಂಚಿನಲ್ಲಿ ಮಸಿ ಕಟ್ಟಿತ್ತು. ನನಗೆ ತಡೆಯಲಾಗಲಿಲ್ಲ, ಬೆರಳು ಹಾಕಿದೆ. "ಸಾರ್! ಕೀ ಆನ್ ಐತೆ!" ಅಂತ ಕಿರುಚಿ ಹುಡುಗ ನನ್ನ ಕೈ ಕಿತ್ತ. ಕೀ ಆನ್ ಇದ್ದಾಗ ಮೋಟಾರು ಯಾವ ಗಳಿಗೆಯಲ್ಲಿ ಬೇಕಾದರೂ ತಟ್ಟೆ ತಿರುಗಿಸಿ ಬೆರಳು ಕಚ್ಚುತ್ತದಂತೆ. ಊಟದ ಕೈ ಬೇರೆ!

ಕೀ ತೆಗೆದು, ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು, ಅಂಚು ತೀಡಿ ತೀಡಿ ಒರೆಸಿದ. ಅರ್ಧ ಗಂಟೆ ಆಯಿತು. ಮಾವ ಅಷ್ಟರಲ್ಲಿ ಮೂರು ಸಲ ಗಂಟೆ ಕೇಳಿ, ಎಲ್ಲಿಂದಲೋ ನಿಂಬೆಹಣ್ಣು ತಂದು ಚಕ್ರದ ಕೆಳಗೆ ಇಟ್ಟರು. ಕೊನೆಗೆ ಹುಡುಗ ಕೀ ಆನ್ ಮಾಡಿ ಹಾಗೇ ಬಿಟ್ಟ. ಒಳಗೆ ಸಣ್ಣಗೆ ಗುಂಯ್ ಅಂತು. ಮುಚ್ಚುವುದು ಎಲ್ಲಿ ಅಂತ ಅದು ಮತ್ತೆ ಕಲಿಯಬೇಕಂತೆ, ಅಲ್ಲಿಯವರೆಗೆ ಪೆಡಲ್ ಮುಟ್ಟಬಾರದಂತೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದ. ನಾನು ಅರ್ಜಿ ಹಾಕಿದೆ. ತಕ್ಷಣ ಮಂಜೂರಾಯಿತು.

ಮಂಡ್ಯ ಸೇರಿದಾಗ ಮೂರೂ ಕಾಲು. ಕೊನೆಯ ಪಂಕ್ತಿ ಕೂತಿತ್ತು. ಬೋಟಿ ಮುಗಿದಿತ್ತು. ಮುದ್ದೆ ಬಂತು, ಸಾರು ಬಂತು. ಮಾವ ಎದುರು ಸಾಲಿನವರಿಗೆ ಆಗಲೇ ಕಥೆ ಶುರುಮಾಡಿದ್ದರು. "ಎಕ್ಸಿಲೇಟರ್ ವೈರ್ ಕಿತ್ತೋಗಿತ್ತು. ಮೊದ್ಲು ಹೇಳಿದ್ದೇ ನಾನು. ಬೇಕಾದ್ರೆ ಅಳಿಯಂದ್ರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ತುಂಡಿನ ಬಕೆಟ್ ಹಿಡಿದವನು ಅದೇ ಹೊತ್ತಿಗೆ ಬಂದು ನಿಂತ. ತಳದಲ್ಲಿ ನಾಲ್ಕೈದು ತುಂಡು. ಬಡಿಸುವವನು ಮಾವನ ತಮ್ಮನ ಮಗ, ಕೈ ಮಾವನ ಕಣ್ಣಳತೆಯಲ್ಲಿದೆ.

"ಹೌದು," ಅಂದೆ, "ವೈರೇ."