ಹೋಗಿ ಬರ್ತೀನಿ ಅಂದವರು ಬರದೇ ಇರ್ತಾರಾ?

ಕನ್ನಡದ ಮನೆಗಳಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನುವಂತಿಲ್ಲ. ಅಂದರೆ ಅಜ್ಜಿ ಗದರುತ್ತಾರೆ, ‘ಬರ್ತೀನಿ’ ಅನ್ನಬೇಕು. 2013ರಿಂದ ಬೆಂಗಳೂರಿನ ನೀರು ಕುಡಿದ ಸುನಿಲ್ ಚೆಟ್ರಿ ಈ ಮರ್ಯಾದೆಯನ್ನು ನಮ್ಮ ಹುಡುಗರಿಗಿಂತ ಚೆನ್ನಾಗಿ ಕಲಿತಿದ್ದಾರೆ. 2024ರ ಮೇ ತಿಂಗಳಲ್ಲಿ ವಿಡಿಯೊ ಹಾಕಿ ಭಾರತ ಫುಟ್‌ಬಾಲ್ ತಂಡಕ್ಕೆ ವಿದಾಯ ಹೇಳಿದರು. ಜೂನ್ 6ಕ್ಕೆ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ಎದುರು ಸೊನ್ನೆ-ಸೊನ್ನೆ ಡ್ರಾ, ಒಂದಿಷ್ಟು ಕಣ್ಣೀರು. 2025ರ ಮಾರ್ಚ್‌ನಲ್ಲಿ ವಾಪಸ್. ನವೆಂಬರ್‌ನಲ್ಲಿ ‘ಸಾಕು’ ಅಂತ ಮತ್ತೆ ವಿದಾಯ. ಈ ಸಲ ಅಭಿಮಾನಿಗಳು ಕರ್ಚೀಫ್ ತೆಗೆಯಲಿಲ್ಲ, ಕ್ಯಾಲೆಂಡರ್ ತೆಗೆದರು.

ಮದುವೆ ಊಟದಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಅನ್ನುವವರನ್ನು ನೋಡಿದ್ದೀರಲ್ಲ? ಬೆರಳ ಸಂದಿಯಲ್ಲಿ ಒಂದು ಹೋಳಿಗೆ ಇಳಿಯುವಷ್ಟು ಜಾಗ ಇದ್ದೇ ಇರುತ್ತದೆ. ನಿವೃತ್ತಿಯಲ್ಲೂ ಆ ಸಂದಿ ಮುಖ್ಯ.

ಈ ವಿದ್ಯೆಯ ವಿಶ್ವಗುರು ಮಾತ್ರ ಅಮೆರಿಕದವನು. ಅಲ್ಲಿಯ ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದು ಓಡುವುದು, ಇರಲಿ. ಟಾಮ್ ಬ್ರೇಡಿ 2022ರ ಫೆಬ್ರುವರಿ 1ರಂದು ನಿವೃತ್ತಿ ಘೋಷಿಸಿದ. ಮಾರ್ಚ್ 12ರಂದು ಅವನ ‘ಕೊನೆಯ’ ಟಚ್‌ಡೌನ್ (ನಮ್ಮ ಗೋಲಿದ್ದ ಹಾಗೆ) ಚೆಂಡನ್ನು ಒಬ್ಬ ಪುಣ್ಯಾತ್ಮ 5,18,000 ಡಾಲರ್ ಕೊಟ್ಟು ಹರಾಜಿನಲ್ಲಿ ಹಿಡಿದ. ಮಾರ್ಚ್ 13ರಂದು ಬ್ರೇಡಿ, ‘ನಾನು ಇನ್ನೂ ಆಡ್ತೀನಿ’ ಅಂದ. ಐದು ಲಕ್ಷ ಡಾಲರಿನ ಚೆಂಡು ರಾತ್ರಿ ಬೆಳಗಾಗುವುದರೊಳಗೆ ಮಾಮೂಲಿ ಚೆಂಡಾಯಿತು. ಹರಾಜಿನವರು ಕೊನೆಗೆ ವ್ಯಾಪಾರವನ್ನೇ ರದ್ದು ಮಾಡಬೇಕಾಯಿತು. ಒಟ್ಟು 40 ದಿನದ ನಿವೃತ್ತಿ. ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿದವರೂ 41 ದಿನ ತಡೆದುಕೊಳ್ಳುತ್ತಾರೆ, ಈತ ಒಂದು ದಿನ ಮೊದಲೇ ಬಿಚ್ಚಿಟ್ಟ.

ಮತ್ತೆ ನಮ್ಮ ವಿಷಯಕ್ಕೆ. ರಾಷ್ಟ್ರೀಯ ತಂಡದಿಂದ ನಿವೃತ್ತಿಯಾಗುವುದು ಎಷ್ಟು ಸಲೀಸು ಅಂದರೆ, ಅದಕ್ಕೊಂದು ಫಾರಂ ಕೂಡ ಇಲ್ಲ. ಕ್ಲಬ್ ಬಿಡಬೇಕಾದರೆ ಗುತ್ತಿಗೆ ಮುಗಿಯಬೇಕು, ನೋಂದಣಿ ಬದಲಾಗಬೇಕು. ದೇಶದ ತಂಡಕ್ಕೆ ಅಂಥ ಯಾವ ಕಟ್ಟೂ ಇಲ್ಲ. ಕೋಚ್ ಪಟ್ಟಿ ಬರೆಯುತ್ತಾನೆ, ಫಿಫಾ ನಿಗದಿ ಮಾಡಿದ ದಿನಗಳಾದರೆ ಕ್ಲಬ್ ಆಟಗಾರನನ್ನು ಬಿಟ್ಟುಕೊಡಲೇಬೇಕು, ಆಟಗಾರ ಬ್ಯಾಗ್ ಹಿಡಿದು ಶಿಬಿರಕ್ಕೆ ಬರುತ್ತಾನೆ, ಅಷ್ಟೆ. ಹಾಗಾಗಿ ವಿದಾಯದ ವಿಡಿಯೊಗೆ ಕಾನೂನಿನ ಬೆಲೆ ಗುಡ್ ಮಾರ್ನಿಂಗ್ ಮೆಸೇಜಿನಷ್ಟೇ. ವಿಧಾನಸೌಧದವರಿಗೆ ಇದೇನೂ ಹೊಸದಲ್ಲ. ಮೂವತ್ತೊಂದನೇ ತಾರೀಕು ಹಾರ ಹಾಕಿಸಿಕೊಂಡು, ಒಂದನೇ ತಾರೀಕು ಓಎಸ್‌ಡಿ, ಅಂದರೆ ವಿಶೇಷ ಕರ್ತವ್ಯಾಧಿಕಾರಿ ಆಗಿ ಅದೇ ಕುರ್ಚಿಗೆ ಬರುವವರು ಅಲ್ಲಿ ಬೇಕಾದಷ್ಟಿದ್ದಾರೆ.

ಚೆಟ್ರಿಯನ್ನು ವಾಪಸ್ ಕರೆದ ಭಾರತದ ಕೋಚ್ ಮಾನೊಲೊ ಮಾರ್ಕೆಸ್ ಆಗ ಎಫ್‌ಸಿ ಗೋವಾ ಕ್ಲಬ್‌ಗೂ ಕೋಚ್. ಎರಡು ಕೆಲಸದ ಮನುಷ್ಯ ನಿವೃತ್ತನಿಗೆ ಅರ್ಧ ಕೆಲಸ ಕೊಟ್ಟರೆ ತಪ್ಪೇನು? ಅವರ ಕಷ್ಟವೂ ದೊಡ್ಡದೇ. 2023ರ ನವೆಂಬರ್‌ನಲ್ಲಿ ಕುವೈತನ್ನು ಮಣಿಸಿದ ಮೇಲೆ ಭಾರತ ಗೆದ್ದೇ ಇರಲಿಲ್ಲ, ಇಡೀ 2024 ಬೋಳು. ಇತ್ತ 40 ವಯಸ್ಸಿನ ‘ನಿವೃತ್ತ’ರು ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹ್ಯಾಟ್ರಿಕ್ ಹೊಡೆದು ಕೂತಿದ್ದರು.

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ 3-0. ಮೂರನೆಯದು ಚೆಟ್ರಿಯದೇ, ಲಿಸ್ಟನ್ ಕೊಲಾಸೊ ಅಂಚಿನಿಂದ ಹಾಕಿದ ಕ್ರಾಸ್‌ಗೆ ಹೆಡ್ಡರ್, 95ನೇ ಅಂತರರಾಷ್ಟ್ರೀಯ ಗೋಲು. ಎತ್ತರದಲ್ಲಿ ಏನೂ ಇಲ್ಲದ ಈ ಮನುಷ್ಯ ತಲೆಯಿಂದ ಅಷ್ಟು ಗೋಲು ಹೊಡೆದದ್ದು ನೆಗೆತದಿಂದಲ್ಲ. ಡಿಫೆಂಡರ್‌ನ ಬೆನ್ನ ಕಡೆ ನಿಲ್ಲುತ್ತಾರೆ. ಕ್ರಾಸ್ ಹೊರಡುವಾಗ ಡಿಫೆಂಡರ್ ಚೆಂಡಿನ ಕಡೆ ಕತ್ತು ತಿರುಗಿಸಲೇಬೇಕು, ಆ ಅರೆಕ್ಷಣದಲ್ಲಿ ಎರಡು ಹೆಜ್ಜೆ ಮುಂದೆ. ಡಿಫೆಂಡರ್ ಮತ್ತೆ ತಿರುಗಿ ನೋಡಿದರೆ ಜಾಗ ಖಾಲಿ. ಈ ಎರಡು ಹೆಜ್ಜೆ ಪ್ರಾಕ್ಟೀಸ್‌ನಲ್ಲಿ ಬರುವಂಥದ್ದಲ್ಲ, ಪಂದ್ಯದಲ್ಲಿ ಸಾವಿರ ಸಲ ತಪ್ಪಬೇಕು.

ತಪ್ಪುವ ಅವಕಾಶ ಯಾರಿಗಿದೆ? ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ದುಡ್ಡು ಕೊಟ್ಟ ಮೇಲೆ ಕ್ಲಬ್‌ಗಳು ವಿದೇಶಿಯನನ್ನು ಗೋಲಿನ ಎದುರೇ ನಿಲ್ಲಿಸುತ್ತವೆ. ಒಂಬತ್ತು ನಂಬರಿನ, ಅಂದರೆ ಗೋಲು ಹೊಡೆಯುವ ಸ್ಟ್ರೈಕರ್‌ನ ಕನಸು ಕಂಡ ನಮ್ಮ ಹುಡುಗ ಅಂಚಿಗೆ ಸರಿದು ಕ್ರಾಸ್ ಹಾಕುತ್ತಾನೆ, ಇಲ್ಲವೇ ಬೆಂಚ್ ಬಿಸಿ ಮಾಡುತ್ತಾನೆ. ಚೆಟ್ರಿಯೇ ಬೆಂಗಳೂರು ಎಫ್‌ಸಿಯಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಇದ್ದ ಕಾಲಕ್ಕೆ ಎಡಕ್ಕೆ ಸರಿದು ಆಡಿದವರು. ಆಮೇಲೆ ದೇಶದ ತಂಡಕ್ಕೆ ಸ್ಟ್ರೈಕರ್ ಬೇಕು ಅಂದರೆ ಎಲ್ಲಿಂದ ತರುವುದು? 2005ರಲ್ಲಿ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಶುರು ಮಾಡಿದ ಚೆಟ್ರಿಗೇ ಫೋನು.

ಹೋಗಲಿ, ಕರೆದದ್ದಾಯಿತು, ಸರಿಯಾಗಿ ಇಟ್ಟುಕೊಂಡರಾ? ಬಾಂಗ್ಲಾದೇಶದ ಜತೆ ಡ್ರಾ, ಹಾಂಗ್‌ಕಾಂಗ್‌ಗೆ ಸೋಲು. ಕೋಚ್ ಬದಲು. ಖಾಲಿದ್ ಜಮೀಲ್ ಬಂದು, ಆಗಸ್ಟ್‌ನಲ್ಲಿ ಶುರುವಾದ ಮಧ್ಯ ಏಷ್ಯಾದ ಕಾಫಾ ಕಪ್‌ಗೆ ಚೆಟ್ರಿ ಬೇಡ ಅಂದರು. ಅವರಿಲ್ಲದೆ ಮೂರನೇ ಸ್ಥಾನ ಬಂತು. ಅಕ್ಟೋಬರ್‌ನಲ್ಲಿ ಮತ್ತೆ ಬೇಕು ಅಂದರು. ಸಿಂಗಪುರ ಗೋವಾಕ್ಕೇ ಬಂದು 2-1ರಿಂದ ಗೆದ್ದು, ನಮ್ಮ ಏಷ್ಯಾ ಕಪ್ ಅರ್ಹತೆಯ ಬಾಗಿಲು ಹಾಕಿಕೊಂಡು ಹೋಯಿತು. ನಿವೃತ್ತಿ ಬಗ್ಗೆ ಗೊಂದಲ ಯಾರಿಗಿತ್ತು, ನೀವೇ ಹೇಳಿ.

ಇಷ್ಟರಲ್ಲಿ ಆಟಗಾರನಿಗಿಂತ ಮೊದಲು ಲೀಗೇ ನಿವೃತ್ತಿಯಾಯಿತು. ಲೀಗ್ ನಡೆಸುವವರ ಜತೆಗಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ ಎಂಬುದು 15 ವರ್ಷದಿಂದ ಕಾಗದದಲ್ಲೇ ಬರೆದಿತ್ತು. ಜುಲೈನಲ್ಲಿ ‘ಅಯ್ಯೋ’ ಅಂದು ಐಎಸ್‌ಎಲ್ ನಿಲ್ಲಿಸಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಸಂಬಳ ತಡೆಹಿಡಿಯಿತು. ನವೆಂಬರ್‌ನಲ್ಲಿ ಲೀಗ್ ನಡೆಸುವ ಟೆಂಡರ್ ತೆರೆದರೆ ಒಂದು ಬಿಡ್ಡೂ ಇಲ್ಲ. ಇದರಲ್ಲಿ ನಗುವುದಕ್ಕೇನಿದೆ? ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಆರು ತಿಂಗಳು ಪಂದ್ಯವಿಲ್ಲದೆ ಇದ್ದರೆ ಆ ಎರಡು ಹೆಜ್ಜೆಯನ್ನು ಎಲ್ಲಿ ತಪ್ಪಿ ಕಲಿಯಬೇಕು? ನಲವತ್ತೊಂದರವರಿಗೆ ‘ಇನ್ನೊಂದು ಸ್ವಲ್ಪ ದಿನ’ ಅಂದಿರಿ, ಹುಡುಗನಿಗೆ ಒಂದು ಶನಿವಾರವನ್ನೂ ಕೊಡಲಿಲ್ಲ. ಫುಟ್‌ಬಾಲ್ ನಡೆಸುವ ಕುರ್ಚಿಯಲ್ಲಿ ಕೂತವರು ಮಾತ್ರ ಯಾರೂ ವಿದಾಯದ ವಿಡಿಯೊ ಮಾಡಲಿಲ್ಲ.

ನವೆಂಬರ್ 18ರಂದು ಢಾಕಾದಲ್ಲಿ ಭಾರತ ಬಾಂಗ್ಲಾದೇಶಕ್ಕೆ 1-0ರಿಂದ ಸೋತಿತು. ಚೆಟ್ರಿ ತಂಡದಲ್ಲಿರಲಿಲ್ಲ. ಪಂದ್ಯ ಮುಗಿದ ಮೇಲೆ ಲೆಕ್ಕ ಹಾಕಿದವರು ಎಷ್ಟು ಜನವೋ: ಮುಂದಿನ ಆಗಸ್ಟ್ 3ಕ್ಕೆ ಬರೀ 42 ಅಲ್ವಾ?